ರೋಬೋಟ್ ವಿದ್ಯೆಯೂ ನಮ್ಮ ಎರೆಯ ಹೊಲವೂ

ತಿರ್ಲಾಪುರದಲ್ಲಿ ಕಡಲೆಯ ಬೆಳೆಯನ್ನು ಪರೀಕ್ಷಿಸಲು ಹೋಗಿದ್ದಾಗ ಹಿಡುವಳಿದಾರರೊಬ್ಬರು ನನ್ನನ್ನು ಬದುವಿನ ಮೇಲೆ ಕುಳ್ಳಿರಿಸಿಕೊಂಡು ಒಂದು ಪ್ರಶ್ನೆಯನ್ನು ಕೇಳಿದರು. ಇಂಜಿನಿಯರಿಂಗ್ ಮುಗಿಸಿದ ಅವರ ಮಗನು ಬುದ್ಧಿಯುಳ್ಳ ಯಂತ್ರಗಳ ಹಾಗೂ ರೋಬೋಟುಗಳ ವಿದ್ಯೆಯಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆಯಲು ಇಂಗ್ಲೆಂಡಿಗೆ ಹೋಗಬಯಸುತ್ತಾನೆ. “ಎರೆಯಲ್ಲಿ ನಾಲ್ಕು ಎಕರೆ ಮಾರಿದರೆ ಖರ್ಚು ನೀಗುತ್ತದೆ, ಮಾರಲೋ ಬೇಡವೋ, ನೀವೇ ಹೇಳಿರಿ” ಎಂದರು. ಈ ಪ್ರಶ್ನೆಯು ಅವರೊಬ್ಬರದೇ ಅಲ್ಲವಾದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಎಲ್ಲ ಗ್ರಾಮಮುಖ್ಯರ ಮುಂದಿಡುತ್ತೇನೆ.

ಈ ವಿದ್ಯೆಯು ಏನೆಂಬದನ್ನು ಮೊದಲು ತಿಳಿಯತಕ್ಕದ್ದು. ಕೂರಿಗೆಯು ಹಿಡಿದವನ ಕೈಯನ್ನೂ ಟ್ರ್ಯಾಕ್ಟರು ಚಾಲಕನ ಕಣ್ಣನ್ನೂ ನಂಬಿವೆ. ರೋಬೋಟಾದರೋ ತಾನೇ ಕ್ಯಾಮರಾದಿಂದ ನೋಡಿ, ತಾನೇ ಗಣಕದಿಂದ ನಿರ್ಣಯಿಸಿ, ತಾನೇ ಮೋಟಾರಿನಿಂದ ಕೆಲಸ ಮಾಡಬೇಕು. ಇದಕ್ಕೆ ಗಣಿತ, ಸಂಭವನೀಯತೆಯ ಲೆಕ್ಕ, ನಿಯಂತ್ರಣಶಾಸ್ತ್ರ, ಸಾವಿರಾರು ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಗುರುತು ಕಲಿಸುವ ವಿಧಾನ, ಇವಿಷ್ಟೂ ಬೇಕು. ಇದು ಜಾತ್ರೆಯ ಆಟವೇನೂ ಅಲ್ಲ. ಇಂಗ್ಲೆಂಡಿನ ಹಾರ್ಪರ್ ಆ್ಯಡಮ್ಸ್ ವಿಶ್ವವಿದ್ಯಾನಿಲಯದವರು 2017ರಲ್ಲಿ ಒಂದು ಹೆಕ್ಟೇರಿನೊಳಗೆ ಮನುಷ್ಯನು ಕಾಲಿಡದೆಯೇ ಬಾರ್ಲಿಯನ್ನು ಬಿತ್ತಿ ಕೊಯ್ದು ಸುಮಾರು ನಾಲ್ಕೂವರೆ ಟನ್ ಬೆಳೆಯನ್ನು ತೆಗೆದರು.

“ಒಕ್ಕಲಿಗನ ಮಗನಿಗೆ ಇದೇಕೆ? ಹೋದವನು ತಿರುಗಿ ಬರಲಾರನು” ಎಂದು ಹಲವರು ಅನ್ನುತ್ತಾರೆ. ಇದರಲ್ಲಿ ಸತ್ಯವಿದೆ, ನೌಕರಿಗಳು ಬಹುಮಟ್ಟಿಗೆ ಬೆಂಗಳೂರಿನಂಥ ಪಟ್ಟಣಗಳಲ್ಲಿಯೇ ಇವೆ. ಆದರೆ ನೆರೆಯ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರನ್ನು ನೆನೆಯಿರಿ. ಅವರು ಮುಂಬಯಿಗೆ ಹೋಗಿ ಯಂತ್ರಗಳ ನಕ್ಷೆ ಬರೆಯುವದನ್ನು ಕಲಿತು, ಅಲ್ಲಿಯೇ ಕಲಿಸಿ, ಬೆಳಗಾವಿಗೆ ಬಂದು 1903ರಲ್ಲಿ ಕಬ್ಬಿಣದ ನೇಗಿಲನ್ನು ಮಾಡಿದರು. ಕಬ್ಬಿಣವು ನೆಲಕ್ಕೆ ವಿಷವೆಂದು ಅಂಜಿ ರೈತರು ಬಹುದಿನ ಅದನ್ನು ಕೊಳ್ಳಲಿಲ್ಲ. ಕೊನೆಗೆ ಗೆದ್ದದ್ದು ಆ ನೇಗಿಲೇ.

ನಮ್ಮ ನಾಡಿಗೆ ಈ ವಿದ್ಯೆ ಬೇಕೆನ್ನಲು ಇನ್ನೊಂದು ಕಾರಣವುಂಟು. ನಮ್ಮ ಎರೆಯು ಮಳೆಯಾದರೆ ಗಾಲಿಗೆ ಮೆತ್ತುತ್ತದೆ, ಬೇಸಗೆಯಲ್ಲಿ ಬಾಯ್ಬಿಡುತ್ತದೆ. ಪರದೇಶದ ಮಣ್ಣಿಗೆ ಮಾಡಿದ ಯಂತ್ರವು ಇಲ್ಲಿ ಹತ್ತು ಮಾರು ನಡೆದು ಹೂತುಕೊಂಡೀತು. ಅಲ್ಲಿಯ ಚಿತ್ರಗಳಿಂದ ಕಲಿತ ಯಂತ್ರಕ್ಕೆ ನಮ್ಮ ಕರಿಕೆ ಜೇಕುಗಳ ಗುರುತು ಹತ್ತದು. ಹತ್ತಿಯ ಕಾಯಿ ಎಲ್ಲವೂ ಒಮ್ಮೆಗೇ ಒಡೆಯುವದಿಲ್ಲ. ಮೆಣಸಿನಕಾಯಿಯೂ ಒಮ್ಮೆಗೇ ಹಣ್ಣಾಗುವದಿಲ್ಲ. ಯಾವದನ್ನು ಬಿಡಿಸಬೇಕು, ಯಾವದನ್ನು ಬಿಡಬೇಕು ಎಂಬದನ್ನು ನಮ್ಮ ಹೆಣ್ಣಾಳು ಒಂದೇ ನೋಟದಲ್ಲಿ ಅರಿಯುತ್ತಾಳೆ. ಆ ನೋಟವನ್ನು ಯಂತ್ರಕ್ಕೆ ಕಲಿಸುವವನು ಹೊಲವನ್ನು ಬಲ್ಲವನೇ ಆಗಬೇಕು. ಸುಗ್ಗಿಯಲ್ಲಿ ಆಳು ಸಿಕ್ಕದೆ ಹತ್ತಿಯು ಗಿಡದಲ್ಲಿಯೇ ಉದುರುವದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಸರಕಾರವು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅವುಗಳನ್ನು ದುರಸ್ತಿ ಮಾಡುವವರೂ ನಮ್ಮೂರಿಗೆ ತಕ್ಕಂತೆ ತಿದ್ದುವವರೂ ಎಲ್ಲಿಂದ ಬರಬೇಕು?

ಆದಕಾರಣ ವಿದ್ಯೆ ಬೇಡವೆಂದು ನಾನು ಹೇಳೆನು. ಆದರೆ ಕೆಳಗಿನ ಸಂಗತಿಗಳನ್ನು ವಿಚಾರಿಸದೆ ಹೊಲದ ಕಾಗದಕ್ಕೆ ಸಹಿ ಹಾಕಬಾರದು.

1. ಹುಡುಗನಿಗೆ ಗಣಿತದಲ್ಲಿ ನಿಜವಾದ ಆಸಕ್ತಿ ಇದೆಯೋ, ನೆರೆಮನೆಯವನು ಹೋದನೆಂದು ಹೊರಟಿರುವನೋ ಎಂಬದನ್ನು ನೋಡಿರಿ.

2. ಮೊದಲು ಸ್ವದೇಶದ ಬಾಗಿಲನ್ನು ತಟ್ಟಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಬೋಟ್ ವಿದ್ಯೆಗೇ ಎಂ.ಟೆಕ್. ಉಂಟು. 2016ರಲ್ಲಿ ಆರಂಭವಾದ ಧಾರವಾಡದ ಐ.ಐ.ಟಿ.ಯು ಚಿಕ್ಕಮಲ್ಲಿಗವಾಡದಲ್ಲಿಯೇ ಇದೆ. ಅಲ್ಲಿಗೆ ಹೋಗಿ ವಿಚಾರಿಸಬಹುದು. ಇಂಥಲ್ಲಿ ಪ್ರವೇಶಕ್ಕೆ ಗೇಟ್ ಪರೀಕ್ಷೆಯನ್ನು ಪಾಸಾಗಬೇಕು; ಅದರ ಅಂಕಗಳು ಮೂರು ವರ್ಷ ನಡೆಯುತ್ತವೆ. ಹೀಗೆ ಸೇರಿದವರಿಗೆ ವಿದ್ಯಾರ್ಥಿವೇತನವೂ ದೊರೆಯುತ್ತದೆ.

3. ಇಂಗ್ಲೆಂಡಿನಲ್ಲಿ ಈ ಪದವಿಯು ಸಾಮಾನ್ಯವಾಗಿ ಒಂದೇ ವರ್ಷದ್ದು. ಆದರೆ ಫೀಯೊಂದನ್ನೇ ಲೆಕ್ಕ ಹಿಡಿಯಬೇಡಿರಿ; ವಸತಿ, ಊಟ, ವೀಸಾ, ಆರೋಗ್ಯಸೇವೆಯ ಶುಲ್ಕ ಎಲ್ಲವನ್ನೂ ಕೂಡಿಸಿರಿ. ಓದಿದ ಮೇಲೆ ಅಲ್ಲಿ ನಿಂತು ನೌಕರಿ ಹುಡುಕಲು ಸಿಕ್ಕುವ ಕಾಲವು ಮಿತವಾದದ್ದು. ಏಜೆಂಟನ ಮಾತೇ ಪ್ರಮಾಣವಲ್ಲ.

4. ಪದವಿಯ ಕೊನೆಯಲ್ಲಿ ಪ್ರತಿಯೊಬ್ಬನೂ ಒಂದು ಸಂಶೋಧನಾಕಾರ್ಯವನ್ನು ಮಾಡಬೇಕಾಗುತ್ತದೆ. ಅದರ ವಿಷಯವನ್ನು ನಮ್ಮ ಹೊಲದಿಂದಲೇ ಒಯ್ಯಲಿ. ಹತ್ತಿ ಬಿಡಿಸುವದು, ಕಡಲೆಯ ಕುಡಿ ಚಿವುಟುವದು, ಎರೆಯಲ್ಲಿ ನಡೆಯುವ ಗಾಲಿ, ಇವುಗಳಲ್ಲಿ ಯಾವದಾದರೂ ಆದೀತು. ಮಗನು ಊರಿಗೆ ಬಾರದಿದ್ದರೂ ಅವನ ಕೆಲಸವು ಬಂದೀತು.

ತಿರ್ಲಾಪುರದ ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: ಹೊಲವನ್ನು ಮಾರಬೇಡಿರಿ. ವಿದ್ಯೆಗೆ ಸಾಲ ಹುಟ್ಟೀತು. ಕೈಬಿಟ್ಟ ಎರೆಯು ಮತ್ತೆ ಕೈಗೆ ಬರುವದು ಕಷ್ಟ. ಈ ವರ್ಷ ಅವನು ಗೇಟ್ ಪರೀಕ್ಷೆಗೆ ಕೂಡ್ರಲಿ. ಬಿಡುವಾದಾಗ ಆಳುಗಳ ಸಂಗಡ ಸಾಲು ಹಿಡಿದು ಹತ್ತಿಯನ್ನು ಬಿಡಿಸಲಿ. ಆಮೇಲೂ ಅವನ ಹಂಬಲವು ಉಳಿದರೆ, ಏನನ್ನು ಕಲಿಯಲು ಹೋಗಬೇಕೆಂಬದು ಅವನಿಗೇ ತಿಳಿದಿರುತ್ತದೆ.

— ಎಲ್.ಏಜಿ., ಒಕ್ಕಲುತನದ ಇನ್‌ಸ್ಪೆಕ್ಟರು