ಲಸಿಕಾ ಕೇಂದ್ರದ ತಪಾಸಣೆ: ಬಹಿರಂಗ ವರದಿಯ ಮಹತ್ವ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳು ಜಾತ್ರೆಗೋ ಮದುವೆಗೋ ಊರಿಗೆ ಬರುವ ಮುನ್ನ ಲಸಿಕೆ ಹಾಕಿಸಿಕೊಳ್ಳುವುದುಂಟು. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಸಾಮಾನ್ಯವಾಗಿ ಉಚಿತ. ಜಪಾನೀಸ್ ಮೆದುಳು ಜ್ವರದಂಥವಕ್ಕೆ ಮಾತ್ರ ಹಣ ತೆತ್ತು ಖಾಸಗಿ ಕೇಂದ್ರಗಳ ಮೊರೆಹೋಗಬೇಕಾಗುತ್ತದೆ. ಇಂತಹ ಕೇಂದ್ರಗಳ ತಪಾಸಣೆಯ ಹೊಣೆ 2009ರಲ್ಲಿ ಸ್ಥಾಪಿತವಾದ ಕೇರ್ ಕ್ವಾಲಿಟಿ ಕಮಿಷನ್‌ನದು.

ತಪಾಸಣೆಯೆಂದರೆ ನೆಲ, ಗೋಡೆಗಳ ಶುಚಿತ್ವ ನೋಡುವುದಷ್ಟೇ ಅಲ್ಲ. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಫ್ರಿಜ್ಜಿನ ತಾಪಮಾನವನ್ನು ದಿನವೂ ಬರೆದಿಡಬೇಕು. ಹೆಪ್ಪುಗಟ್ಟಿದ ಹೆಪಟೈಟಿಸ್ ಎ ಲಸಿಕೆ ಸತ್ವಗೆಡುತ್ತದೆ, ಆದರೆ ಕರಗಿದ ಬಳಿಕ ಸೀಸೆಯನ್ನು ನೋಡಿ ಅದನ್ನು ತಿಳಿಯುವುದು ರೋಗಿಗೆ ಅಸಾಧ್ಯ. ಸೂಜಿಯ ನೋವೂ ತೆತ್ತ ಹಣವೂ ಅಷ್ಟೇ. ರಕ್ಷಣೆ ಮಾತ್ರ ದೊರೆತಿರುವುದಿಲ್ಲ. ವೈದ್ಯರಲ್ಲದೆ ದಾದಿಯೇ ಲಸಿಕೆ ನೀಡುವಲ್ಲಿ ಆಕೆಗೆ ಲಿಖಿತ ಅಧಿಕಾರವಿದೆಯೇ, ದಿಢೀರ್ ಅಲರ್ಜಿಯಾದರೆ ಅಡ್ರಿನಲಿನ್ ಕೈಗೆಟಕುವಂತಿದೆಯೇ ಎಂಬುದನ್ನೂ ನೋಡಲಾಗುತ್ತದೆ.

ದಂಡಕ್ಕಿಂತಲೂ ಬಹಿರಂಗ ವರದಿಯನ್ನೇ ನಾವು ಈ ವ್ಯವಸ್ಥೆಯ ಬಲವೆಂದು ಭಾವಿಸುತ್ತೇವೆ. ಲೋಪವಿದ್ದರೆ ಯಾರು ಬೇಕಾದರೂ ಅದನ್ನು ಓದಬಹುದು. ತಪಾಸಣೆ ಒಂದೆರಡು ದಿನದ್ದು, ಉಳಿದ ದಿನಗಳು ಸಿಬ್ಬಂದಿಯ ಕೈಯಲ್ಲಿಯೇ ಇರುತ್ತವೆ ಎಂಬ ಮಿತಿಯೂ ಇದೆ, ನಿಜ.

ಕರ್ನಾಟಕದಲ್ಲಿಯೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ ಕಡ್ಡಾಯ. ನೋಂದಣಿ ಪತ್ರ ಗೋಡೆಯ ಮೇಲಿದ್ದರಷ್ಟೇ ಸಾಲದು. ವಿದ್ಯುತ್ ಆಗಾಗ ಕೈಕೊಡುವ ನಮ್ಮ ಊರುಗಳಲ್ಲಿ, ನಿನ್ನೆ ರಾತ್ರಿ ಕರೆಂಟು ಹೋದಾಗ ಫ್ರಿಜ್ ಎಷ್ಟು ಡಿಗ್ರಿಯಲ್ಲಿತ್ತು ಎಂದು ಕೇಳುವ ಹಕ್ಕು ಮಗುವನ್ನು ಕರೆದೊಯ್ದ ತಾಯಿಗೆ ಖಂಡಿತ ಇದೆ.