ಕತ್ತಲೆ ಕೋಣೆಯ ಬೆಳ್ಳಿ ಯಾರ ಪಾಲು?

ಫೋಟೋ ಈಗ ಅಗ್ಗವಾಯಿತು, ಗಳಿಗೆಯಲ್ಲಿ ಕೈಸೇರುತ್ತದೆ, ಪ್ರಗತಿಯೆಂದರೆ ಇದೇ ಎಂದು ಜಯನಗರದ ಅಂಗಡಿಕಾರರು ಹೇಳುತ್ತಾರೆ. ಫಿಲ್ಮಿನ ಸೊಗಸೇ ಹೋಯಿತೆಂದು ಉಳ್ಳವರ ಮನೆಯ ಹವ್ಯಾಸಿಗಳು ನಿಟ್ಟುಸಿರು ಬಿಡುತ್ತಾರೆ. ಈ ಇಬ್ಬರ ಮಾತಿನಲ್ಲಿಯೂ ಕಾಣದೆ ಹೋದ ಮನುಷ್ಯನೊಬ್ಬನಿದ್ದಾನೆ. ಕೆಂಪು ದೀಪದ ಕೆಳಗೆ ನಿಂತು ಊರಿನವರ ಮುಖಗಳನ್ನೆಲ್ಲ ಕಾಗದಕ್ಕೆ ಇಳಿಸಿದ ಕೂಲಿಗಾರ. ಅವನ ಸಂಗತಿಯನ್ನು ವಾಚಕರ ಮುಂದಿಡಬೇಕಾಗಿದೆ.

ನಮ್ಮ ಸಭೆಗಳಿಗೆ ತಪ್ಪದೆ ಬರುವ ಹಿರಿಯರೊಬ್ಬರು ಇಪ್ಪತ್ತೆರಡು ವರ್ಷ ಜಯನಗರದ ಸ್ಟುಡಿಯೋವೊಂದರ ಡಾರ್ಕ್‌ರೂಮಿನಲ್ಲಿ ದುಡಿದವರು. ಕಿಟಕಿಯಿಲ್ಲದ ಕೋಣೆ, ಡೆವಲಪರ್, ಹುಳಿನೀರು, ಹೈಪೋ ಎಂದು ಸಾಲಾಗಿ ಮೂರು ತಟ್ಟೆ. ಮೆಟಾಲ್ ತಗುಲಿ ಬೆರಳ ಚರ್ಮ ಬಿರಿದರೆ ಎಣ್ಣೆ ಸವರಿಕೊಳ್ಳುವುದೊಂದೇ ಔಷಧ. (ಸೊಗಸಿನ ಮಾತಾಡುವವರು ಇದನ್ನು ಗಮನಿಸಬೇಕು.) ಎನ್‌ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು ಮದುಮಗಳ ಮುಖ ಕಪ್ಪಾಗದಂತೆ ಕಾಯುವುದು, ಸೀರೆಯ ಜರಿ ಕಾಣುವಂತೆ ಅಷ್ಟಕ್ಕೇ ಇನ್ನೆರಡು ಸೆಕೆಂಡು ಬೆಳಕು ಬಿಡುವುದು, ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಕಲೆ ತಿದ್ದುವುದು, ಇವು ವರ್ಷಗಟ್ಟಲೆ ನಿಂತು ಕಲಿತ ವಿದ್ಯೆಗಳು. ಫೋಟೋದ ಹಿಂದೆ ಬೀಳುತ್ತಿದ್ದ ಮೊಹರು ಮಾತ್ರ ಸ್ಟುಡಿಯೋದ್ದು.

2004ರಲ್ಲಿ ಸ್ಕ್ಯಾನರೂ ಡಿಜಿಟಲ್ ಪ್ರಿಂಟಿನ ಯಂತ್ರವೂ ಬಂದವು. ಒಂದು ತಿಂಗಳ ಸಂಬಳ ಕೊಟ್ಟು ಇವರನ್ನು ಕಳುಹಿಸಿದರು. ನೇಮಕದ ಕಾಗದವೇ ಇಲ್ಲದವರಿಗೆ ಗ್ರಾಚ್ಯುಯಿಟಿ ಎಲ್ಲಿಯದು?

"ಮೇಷ್ಟ್ರೇ, ನಾನೂ ಆ ಮಿಷನ್ ಕಲೀತಿದ್ದೆ. ಯಾರೂ ಕೂರಿಸಲಿಲ್ಲ" ಎಂದರು.

ಇಡೀ ಅನ್ಯಾಯ ಈ ಮಾತಿನಲ್ಲಿದೆ. ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ಆ ವಿಷದ ನೀರಿನಿಂದ ಬೆರಳು ಪಾರಾದರೆ ಯಾರಿಗೆ ತಾನೆ ಸಂತೋಷವಿಲ್ಲ? ಆದರೆ ಯಾವ ನೆರಳು ಎಷ್ಟಿರಬೇಕೆಂದು ಬಲ್ಲ ಕಣ್ಣು ಯಂತ್ರಕ್ಕೂ ಬೇಕು. ಬಲ್ಲವರನ್ನು ಹೊರಗಟ್ಟಿ, ಅರ್ಧ ಸಂಬಳಕ್ಕೆ ಹುಡುಗನೊಬ್ಬನನ್ನು ಕೂರಿಸಿದ್ದು ಲಾಭದ ಲೆಕ್ಕ. ಅದಕ್ಕೆ ವಿಜ್ಞಾನದ ಹೆಸರೇಕೆ?

ದೊಡ್ಡವರ ಮನೆಯ ಕಥೆಯೂ ಇದೇ. ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ಮಾಡಿ ತೋರಿಸಿದವರು ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಫಿಲ್ಮಿನ ಲಾಭವನ್ನು ಬಿಡಲಾರದೆ ಕಂಪನಿ ಹಿಂದುಮುಂದು ನೋಡಿತು. 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಯಜಮಾನರ ತಪ್ಪಿಗೆ ಬೀದಿಗೆ ಬಿದ್ದವರು ಕೆಲಸಗಾರರು. ನಮ್ಮಲ್ಲಿ 'ಇಂದು' ಎಂಬ ಹೆಸರಿನ ಫಿಲ್ಮೂ ಬ್ರೋಮೈಡ್ ಕಾಗದವೂ ಬರುತ್ತಿದ್ದುದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ. 1960ರಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿ ಡಿಜಿಟಲ್ ಕ್ಯಾಮೆರಾ ನಮ್ಮ ಬೀದಿಗೆ ಬರುವ ಮೊದಲೇ, 1996ರಲ್ಲಿ, ರೋಗಗ್ರಸ್ತವೆನಿಸಿಕೊಂಡಿತ್ತು. ಎಲ್ಲವನ್ನೂ ಕಂಪ್ಯೂಟರಿನ ತಲೆಗೆ ಕಟ್ಟತಕ್ಕ ಪಂಡಿತರು ಈ ಇಸವಿಯನ್ನು ಜ್ಞಾಪಕದಲ್ಲಿಡಲಿ.

ಇನ್ನು ನೆಗೆಟಿವುಗಳ ಮಾತು. ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿದೆ, ಬಳಸಿದ ಹೈಪೋದಲ್ಲಿಯೂ ಇದೆ. ಅದನ್ನು ತೆಗೆದು ಮಾರತಕ್ಕವರಿದ್ದಾರೆ. ಇವರು ಕೆಲಸ ಬಿಟ್ಟ ಮೇಲೆ ಅದೇ ಸ್ಟುಡಿಯೋದ ಹಳೆಯ ನೆಗೆಟಿವುಗಳು ಕಿಲೋ ಲೆಕ್ಕದಲ್ಲಿ ಹೋದವಂತೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಐದು ದಶಕಗಳ ಬಾಳು ಇಂಥ ಫಿಲ್ಮುಗಳಲ್ಲಿತ್ತು: ಬಯಲಿನಲ್ಲಿ ಎದ್ದ ಮೊದಲ ಮನೆಗಳು, ಶಾಲೆಯ ಗುಂಪು ಫೋಟೋಗಳು, ನಾಮಕರಣ, ಮದುವೆ. ಚಿತ್ರದಲ್ಲಿರುವವರನ್ನು ಒಂದು ಮಾತು ಕೇಳಿದರೆ? ಸ್ಕ್ಯಾನ್ ಮಾಡಿದ್ದೇವಲ್ಲ ಎನ್ನುವವರಿಗೂ ಉತ್ತರವಿದೆ: ಹಾರ್ಡ್ ಡಿಸ್ಕ್ ಕೆಟ್ಟ ದಿನ ಮತ್ತೆ ಸ್ಕ್ಯಾನ್ ಮಾಡಲು ಮೂಲ ಬೇಡವೆ?

ಆದ್ದರಿಂದ ನಮ್ಮ ಬೇಡಿಕೆ ಇದು. ಮುಚ್ಚುವ ಸ್ಟುಡಿಯೋಗಳ ನೆಗೆಟಿವುಗಳನ್ನು ಗುಜರಿಗೆ ಬಿಡದೆ ರಾಜ್ಯ ಪತ್ರಾಗಾರ ಇಲಾಖೆ ವಶಕ್ಕೆ ಪಡೆಯಲಿ. ಬನಶಂಕರಿಯಲ್ಲೋ ಜಯನಗರದಲ್ಲೋ ಪಾಲಿಕೆಯ ಒಂದು ಕಟ್ಟಡದಲ್ಲಿ ಸ್ಕ್ಯಾನರು ಹೂಡಲಿ. ಆ ಕೆಲಸಕ್ಕೆ ಡಾರ್ಕ್‌ರೂಮಿನ ಹಳೆಯ ಕೈಗಳನ್ನೇ ಸರಿಯಾದ ಸಂಬಳ ಕೊಟ್ಟು ಕರೆಯಲಿ.

ನಮ್ಮ ಹಿರಿಯರಿಗೆ ಈಗ ಅರವತ್ತಮೂರು. ಕಣ್ಣು ಇನ್ನೂ ಚೆನ್ನಾಗಿದೆ.