ಹೆಗಲಿನ ತಪ್ಪೇ?

"ಹುಡುಗಿಯರ ಹೆಗಲಿಗೆ ಗಟ್ಟಿ ಸಾಲದು. ಅದಕ್ಕೇ ಕೋವಿ ನಿಂತಿತು."

ಮಣಿಪಾಲದಲ್ಲಿ ಓದುವ ನನ್ನ ಅಕ್ಕನ ಮಗಳಿಗೆ ಎನ್.ಸಿ.ಸಿ. ಶಿಬಿರದಲ್ಲಿ ಸಿಕ್ಕಿದ ಬಹುಮಾನ ಈ ಮಾತು. ಸೇನೆಯವರೊಡನೆ ನಡೆದ ಶಿಬಿರ. ಕೈಗೆ ಬಂದದ್ದು ಇನ್ಸಾಸ್ ರೈಫಲ್. ಎರಡು ಗುಂಡು ಹಾರಿದವು. ಮೂರನೆಯದರ ಖಾಲಿ ತೋಟೆ ಹೊರಗೆ ಬೀಳದೆ ಸಿಕ್ಕಿಕೊಂಡಿತು. ಅವಳನ್ನು ಸಾಲಿನಿಂದ ಎಬ್ಬಿಸಿದರು. ಕಾಪುವಿನ ಮನೆಗೆ ಬಂದವಳು ರಾತ್ರಿ ಊಟ ಮಾಡಲಿಲ್ಲ. "ಬಿಡು ಮಗಾ, ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ?" ಎಂದಳು ಅಕ್ಕ. ಕಾರ್ಕಳದಿಂದ ಹೋಗಿದ್ದ ನನಗೆ ಸಿಟ್ಟು ಬಂದದ್ದು ಈ ಸಮಾಧಾನಕ್ಕೇ.

ನಾನು ಸೈನಿಕನ ಹೆಂಡತಿ. ಮನೆಯಲ್ಲಿ ಕೇಳಿ ಕೇಳಿ ಇಷ್ಟು ತಿಳಿದಿದ್ದೇನೆ: ಆ ಕೋವಿ ನಡೆಯುವುದು ಹೆಗಲ ಬಲದಿಂದಲ್ಲ, ಗ್ಯಾಸಿನಿಂದ. ಗುಂಡು ನಳಿಗೆಯಲ್ಲಿ ಸಾಗುವಾಗ ಮದ್ದಿನ ಗ್ಯಾಸು ಒಂದು ಸಣ್ಣ ತೂತಿನಿಂದ ಮೇಲಿನ ಕೊಳವೆಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಖಾಲಿ ತೋಟೆ ಹಾರಿ, ಸ್ಪ್ರಿಂಗಿನ ಒತ್ತಡಕ್ಕೆ ಹೊಸ ತೋಟೆ ಒಳಗೆ ಬರುತ್ತದೆ. ತೂತಿಗೆ ಕರಿ ಕಟ್ಟಿದರೆ, ಪಿಸ್ಟನ್ನಿಗೆ ಕೊಳೆ ಹಿಡಿದರೆ, ಗ್ಯಾಸಿನ ರೆಗ್ಯುಲೇಟರು ಸರಿಯಾದ ಗುರುತಿಗೆ ನಿಲ್ಲದಿದ್ದರೆ ಬಲ ಸಾಲದೆ ಎಲ್ಲವೂ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಸಡಿಲ ಹಿಡಿದರೆ ಗುರಿ ತಪ್ಪೀತು, ಒಪ್ಪಿದೆ. ತೋಟೆಯದೋ ಮ್ಯಾಗಜೀನಿನದೋ ದೋಷವೂ ಇದ್ದೀತು. ಆದರೆ ಬಿಚ್ಚಿ ನೋಡದೆ ಹೇಳುವುದು ಹೇಗೆ?

ನಮ್ಮ ಒಲೆಯ ಬರ್ನರಿಗೆ ಕರಿ ಕಟ್ಟಿ ಉರಿ ಹಳದಿಯಾದರೆ ನಾವೇನು ಮಾಡುತ್ತೇವೆ? ಸಿಲಿಂಡರ್ ಬಂದ್ ಮಾಡಿ, ಬರ್ನರ್ ತೆಗೆದು, ಪಿನ್ನಿನಿಂದ ತೂತು ಬಿಡಿಸುತ್ತೇವೆ. ದೋಸೆ ಹುಯ್ಯುವವಳ ಕೈಯನ್ನು ದೂರುವುದಿಲ್ಲ. ಕೋವಿಗೂ ಅದೇ ನ್ಯಾಯ: ಮೊದಲು ಖಾಲಿ ಮಾಡಬೇಕು, ಬಲ್ಲವರು ಬಿಚ್ಚಬೇಕು, ನೋಡಬೇಕು.

1999ರ ಕಾರ್ಗಿಲ್ ಯುದ್ಧದಲ್ಲಿ ಇದೇ ಇನ್ಸಾಸಿನ ಮ್ಯಾಗಜೀನು ಚಳಿಗೆ ಬಿರುಕು ಬಿಡುತ್ತದೆ, ಕೋವಿ ನಡುವೆ ನಿಲ್ಲುತ್ತದೆ ಎಂಬ ದೂರುಗಳು ಬಂದವು. ಆಗ ಯೋಧರ ಹೆಗಲನ್ನು ಯಾರೂ ಅಳೆಯಲಿಲ್ಲ. ಕೋವಿಯನ್ನೇ ಪ್ರಶ್ನಿಸಿದರು, ಸರಿಯಾಗಿಯೇ ಮಾಡಿದರು. ಎನ್.ಸಿ.ಸಿ.ಯಲ್ಲಿ ಹುಡುಗಿಯರ ವಿಭಾಗ ಶುರುವಾದದ್ದು 1949ರಲ್ಲಿ. ಇಷ್ಟು ವರ್ಷವಾದರೂ ನಮ್ಮ ಹೆಗಲಿನ ಮೇಲಿನ ಗುಮಾನಿ ಹೋಗಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿಯನ್ನು ಕೇಳಿದೆ: "ನಿನ್ನ ನಂತರ ಅದೇ ಕೋವಿ ಹಿಡಿದವನಿಗೆ ಏನಾಯಿತು?"

"ಅವನಿಗೂ ನಿಂತಿತು ಚಿಕ್ಕಮ್ಮ. ಆಗ ಬೇರೆ ಕೋವಿ ಕೊಟ್ಟರು."

ನೋಡಿದಿರಾ? ಹೆಣ್ಣಿಗೆ ನಿಂತರೆ ಹೆಗಲು, ಗಂಡಿಗೆ ನಿಂತರೆ ಕೋವಿ! ಮಿಕ್ಸಿ ಸುಟ್ಟರೂ ಸ್ಕೂಟರ್ ಕೆಟ್ಟರೂ ನಮ್ಮ ಮನೆಗಳಲ್ಲಿ ನಡೆಯುವ ಪಂಚಾತಿಕೆ ಇದೇ.

"ಮುಂದಿನ ಸಲ ಅಳಬೇಡ," ಎಂದೆ. "ಬಿಚ್ಚಿ ತೋರಿಸಿ ಸಾರ್ ಎನ್ನು."

ಅಕ್ಕ ಏನೂ ಅನ್ನಲಿಲ್ಲ. ಮಗಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.